ಮಾಳಿಗೆಯ ಮೇಲಿನ ಗಾಯರಾಣ

ಮೊನ್ನೆ ಮೊಮ್ಮಗಳು ಸಾಲೆಯಿಂದ ಬಂದವಳೇ ಹೊಸ್ತಿಲ ಮೇಲೆ ಕುಳಿತು, ಕಾಲುಚೀಲ ಕಿತ್ತು ನನ್ನ ಕಡೆ ಎಸೆದಳು. “ಮುತ್ಯಾ, ಇದರಾಗ ಏನೋ ಚುಚ್ಚಾಕತ್ತದ ನೋಡು.” ಕನ್ನಡಕ ಏರಿಸಿಕೊಂಡು ಹುಡುಕಿದೆ. ಹೆಣಿಗೆಯೊಳಗೆ ಸೂಜಿಹುಲ್ಲಿನ ಒಂದು ಬೀಜ ಹೊಕ್ಕಿತ್ತು. ಮುಂದೆ ಸೂಜಿಯಂಥ ಮೂಗು, ಹಿಂದೆ ಕರಿ ನೂಲಿನಂತೆ ಹೊಸೆದ ಉದ್ದ ಬಾಲ. ಎಳೆದು ತೆಗೆದು ಅಂಗೈ ಮೇಲಿಟ್ಟುಕೊಂಡೆ. ನನಗೆ ಗೊತ್ತಿಲ್ಲದೆಯೇ ಬೆರಳಿಗೆ ಉಗುಳು ಹಚ್ಚಿ ಬಾಲಕ್ಕೆ ಮುಟ್ಟಿಸಿದೆ. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಹೊಸೆತ ಬಿಚ್ಚುತ್ತ ಬಾಲ ಮೆಲ್ಲಗೆ ತಿರುಗತೊಡಗಿತು. ಹುಡುಗಿ ಕಣ್ಣರಳಿಸಿ, “ಇದಕ್ಕ ಜೀವ ಅದ ಏನ್ ಮುತ್ಯಾ?” ಎಂದಳು.

ಈ ಆಟ ನನಗೆ ಕಲಿಸಿದವಳು ನನ್ನ ಅಕ್ಕ...

ಅಕ್ಕ ನನಗಿಂತ ಐದಾರು ವರ್ಷ ದೊಡ್ಡವಳು. ಊರಲ್ಲೇ ಇದ್ದ ಸೋದರಮಾವನಿಗೆ ಕೊಟ್ಟಿದ್ದರಿಂದ ಮದುವೆಯಾದ ಮೇಲೂ ನಮ್ಮೂರಲ್ಲೇ ಇದ್ದಳು, ನಮ್ಮ ಮನೆಯಿಂದ ಎರಡು ಓಣಿ ಆಚೆ. ಅವಳು ತನ್ನ ಅಂಗಳದಲ್ಲಿ ನಕ್ಕರೆ ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ಸಾಲೆಯ ಮುಖ ನೋಡಿದವಳಲ್ಲ. ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಆದರೂ ಬರೆಯುತ್ತಿದ್ದೇನೆ. ಅವಳ ಗೆಲುವಿನ ಕಥೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಅದರೊಳಗಿನ ಒಂದು ತುಣುಕು ಮಾತ್ರ ನನ್ನ ಹತ್ತಿರವೇ ಉಳಿದುಬಿಟ್ಟಿದೆ.

ನಮ್ಮೂರು ಅಫಜಲಪುರಕ್ಕೂ ಜೇವರ್ಗಿಗೂ ನಡುವೆ, ಭೀಮಾ ಸೀಮೆಯಲ್ಲಿದೆ. ಊರ ಹೊರಗೆ, ದನ ಮೇಯಲೆಂದು ಬಿಟ್ಟ ದೊಡ್ಡದೊಂದು ಗಾಯರಾಣ. ಮೇಲೆ ಒಂದು ಮೊಳ ಮಣ್ಣು, ಕೆಳಗೆಲ್ಲ ಸುಣ್ಣದ ಕಲ್ಲು. ನೇಗಿಲು ಇಳಿಯದ ಭೂಮಿಯಾದ್ದರಿಂದ ಸರ್ಕಾರದ ಕಾಗದದಲ್ಲಿ ಅದಕ್ಕೆ ‘ಖರಾಬ್’ ಎಂದು ಬರೆದಿದ್ದರು. ಆದರೆ ಊರಿನ ದನ, ಎಮ್ಮೆ, ಆಡು ಎಲ್ಲ ಬದುಕಿದ್ದು ಅದರ ಮೇಲೆಯೇ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಒಂದು ಕಲ್ಲಿನ ಕಂಪನಿಗೆ ಅದರಲ್ಲಿ ಅರ್ಧ ಗಣಿಗೆ ಸಿಕ್ಕಿತು. ಕರಾರು ಹೀಗಿತ್ತು: ಅಗೆಯುವ ಮೊದಲು ಅಲ್ಲಿ ಯಾವ್ಯಾವ ಹುಲ್ಲಿದೆ ಎಂದು ಸರ್ವೆ ಮಾಡಬೇಕು. ಮೇಲಿನ ಮಣ್ಣನ್ನು ಬೇರೆ ತೆಗೆದಿಡಬೇಕು. ಕಲ್ಲು ಮುಗಿದ ಮೇಲೆ ತಗ್ಗು ಮುಚ್ಚಿ, ಅದೇ ಮಣ್ಣು ಹರಡಿ, ಅದೇ ಹುಲ್ಲು ಎಬ್ಬಿಸಿ ಊರಿಗೆ ತಿರುಗಿ ಕೊಡಬೇಕು. ಹುಲ್ಲು ಬರದಿದ್ದರೆ ನೀಲಗಿರಿ ನೆಟ್ಟು ತಂತಿ ಬೇಲಿ ಹಾಕುತ್ತಾರೆ. ಆಮೇಲೆ ಆ ಅರ್ಧದಲ್ಲಿ ದನ ಕಾಲು ಇಡುವಂತಿಲ್ಲ.

ಊರಿನವರಿಗೆ ಹುಲ್ಲು ತಿರುಗಿ ಬರುವ ನಂಬಿಕೆ ಇರಲಿಲ್ಲ. ಕಂಪನಿಯ ಮೆನೇಜರರಿಗೂ ಇರಲಿಲ್ಲ. ಮೊದಲ ದಿನವೇ ಅವರು ಹನುಮಂತ ದೇವರ ಕಟ್ಟೆಯ ಮೇಲೆ ಚಹಾ ಕುಡಿಯುತ್ತ, “ಖರಾಬ್ ಜಮೀನದಾಗ ಸರ್ವೆ ಮಾಡಾಕ ಏನದ?” ಎಂದು ನಕ್ಕಿದ್ದರು. ಸಗಣಿ ಬುಟ್ಟಿ ಹೊತ್ತು ಹೊರಟಿದ್ದ ಅಕ್ಕ ಅಲ್ಲೇ ನಿಂತಳು.

“ನಿಮ್ಮ ಚಾದಾಗಿನ ಹಾಲು ಆ ಖರಾಬ್ ತಿಂದ ಎಮ್ಮೀದ್ರೀ ಸಾಹೇಬ್ರ. ಚಲೋ ಆಗಿಲ್ಲೇನು?”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಮೆನೇಜರರೂ ನಕ್ಕು ಬಟ್ಟಲು ಖಾಲಿ ಮಾಡಿದರು. ಅದೇ ಕಟ್ಟೆಯ ಮೇಲೆ ಹಿರಿಯರು ಕೂಡಿ ಸರ್ವೆಗೆ ಒಪ್ಪಬೇಕೋ ಬೇಡವೋ ಎಂದು ಮಾತಾಡುವಾಗ ಅಕ್ಕ, “ಒಪ್ಪಿರಿ. ಹುಲ್ಲು ವಾಪಸ್ ತರೋ ಜವಾಬ್ದಾರಿ ನಂದು” ಎಂದುಬಿಟ್ಟಳು. ಯಾವ ಧೈರ್ಯದಿಂದ ಅಂದಳೋ... ಅವತ್ತಿನಿಂದ ಆ ಮಾತು ಅವಳ ಕೊರಳಿಗೆ ಬಿತ್ತು.

ಮಳೆಗಾಲದಲ್ಲಿ ಸರ್ವೆಗೆ ಬಂದವರು ಮೈಸೂರಿನ ಕಡೆಯವರು. ನಾವು ಅವರನ್ನು ಹುಲ್ಲಿನ ಸಾಹೇಬರು ಎನ್ನುತ್ತಿದ್ದೆವು. ಅವರ ಹತ್ತಿರ ಕಟ್ಟಿಗೆಯ ಒಂದು ಚೌಕಟ್ಟಿತ್ತು, ರೊಟ್ಟಿ ಬಡಿಯುವ ಕೊಣಮಿಗೆಯಷ್ಟು ಅಗಲ. ಅದನ್ನು ಎಸೆಯಬೇಕು. ಬಿದ್ದಲ್ಲಿ ಅದರೊಳಗೆ ಬಂದ ಹುಲ್ಲನ್ನೆಲ್ಲ ಎಣಿಸಿ ಬರೆದುಕೊಳ್ಳಬೇಕು. ಮತ್ತೆ ಎಸೆಯಬೇಕು. ಎಸೆಯುವ ಕೆಲಸಕ್ಕೆ ಅಕ್ಕ ನಿಂತಳು, ಅಳತೆಯ ಹಗ್ಗ ಹಿಡಿಯುವ ಕೆಲಸಕ್ಕೆ ನಾನು. ಅರ್ಧ ದಿನದೊಳಗೆ ಸಾಹೇಬರು ಅವಳ ಕೈ ಹಿಡಿದು ನಿಲ್ಲಿಸಿದರು. ಅಕ್ಕ ಬೇಕೆಂತಲೇ ಹುಲ್ಲು ದಟ್ಟವಾಗಿದ್ದ ಕಡೆಗೇ ಎಸೆಯುತ್ತಿದ್ದಳು.

“ಕಣ್ಣು ಮುಚ್ಕೊಂಡು ಎಸೀಬೇಕು ಕಣಮ್ಮಾ. ಚೆನ್ನಾಗಿರೋ ಕಡೆ ಮಾತ್ರ ನೋಡಿದ್ರೆ ಲೆಕ್ಕ ಸುಳ್ಳಾಗತ್ತೆ.”

“ಬೀಗರು ಮನಿ ನೋಡಾಕ ಬಂದಾಗ ಹರಕ ಕೌದಿ ಹೊರಗ ಹಾಕ್ತಾರೇನ್ರೀ?” ಅಂದಳು ಅಕ್ಕ.

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವಳನ್ನು ಕೂಡಿಸಿಕೊಂಡು ಸಮಾಧಾನದಿಂದ ತಿಳಿಸಿದರು. ಬೋಳು ಜಾಗವೂ ಗಾಯರಾಣವೇ. ಅದನ್ನು ಮುಚ್ಚಿಟ್ಟರೆ ನಾಳೆ ಏನನ್ನು ತಿರುಗಿ ತರಬೇಕು ಎಂಬುದೇ ಯಾರಿಗೂ ತಿಳಿಯುವುದಿಲ್ಲ. ಅಕ್ಕ ಸೆರಗಿನಿಂದ ಕಣ್ಣು ಕಟ್ಟಿಕೊಂಡಳು. ಆಮೇಲೆ ಎಸೆದದ್ದೆಲ್ಲ ಎಲ್ಲೆಲ್ಲೋ ಬಿತ್ತು. ಕರಡದ ಮೇಲೆ, ಕರಿಕಿಯ ಮೇಲೆ, ಸೂಜಿಹುಲ್ಲಿನ ಮೇಲೆ, ಬರೀ ಕಲ್ಲಿನ ಮೇಲೆ... ಒಮ್ಮೆ ನನ್ನ ಬೆನ್ನಿನ ಮೇಲೆ. ಆಗ ಅಕ್ಕ ಸೆರಗು ಸರಿಸಿ ನೋಡಿ ನಕ್ಕಳು. ಸಾಹೇಬರು ನಮ್ಮ ಗಾಯರಾಣಕ್ಕೆ ‘ಗೋಮಾಳ’ ಎನ್ನುತ್ತಿದ್ದರು. ಹುಲ್ಲಿನ ಹೆಸರುಗಳನ್ನು ಅವಳಿಂದ ಕೇಳಿ, ತಮ್ಮ ಪುಸ್ತಕದ ಹೆಸರುಗಳನ್ನು ಅವಳಿಗೆ ಹೇಳುತ್ತಿದ್ದರು. ಒಬ್ಬರ ಹೆಸರು ಇನ್ನೊಬ್ಬರ ನಾಲಿಗೆಯಲ್ಲಿ ನಿಲ್ಲುತ್ತಿರಲಿಲ್ಲ. ಇಬ್ಬರೂ ನಗುತ್ತಿದ್ದರು.

ಸರ್ವೆ ಮುಗಿಯಿತು, ಅಗೆತ ಶುರುವಾಯಿತು. ವರ್ಷಗಟ್ಟಲೆ ಸುಣ್ಣದ ಧೂಳು, ಕಲ್ಲು ಸಿಡಿಸುವ ಸುರಂಗದ ಸದ್ದು. ಬದಿಗೆ ತೆಗೆದಿಟ್ಟ ಮಣ್ಣಿನ ದಿಬ್ಬ ಬಿಸಿಲಿಗೆ ಬಿದ್ದು ಬಿದ್ದು ಅದರೊಳಗಿನ ಬೀಜ ಸತ್ತಿತು. ಉಳಿದ ಅರ್ಧ ಗಾಯರಾಣದ ಮೇಲೆ ಇಡೀ ಊರಿನ ದನ ಬಿದ್ದದ್ದರಿಂದ ಅಲ್ಲಿ ಹುಲ್ಲು ಬೀಜ ಕಟ್ಟುವಷ್ಟು ಎತ್ತರ ಬೆಳೆಯಲೇ ಇಲ್ಲ. ಇದು ಹೀಗಾಗುತ್ತದೆ ಎಂದು ಸಾಹೇಬರಿಗೆ ಮೊದಲೇ ತಿಳಿದಿತ್ತು. ಅದಕ್ಕೇ ಗಣಿಯ ಅಂಚಿನಲ್ಲಿ ಒಂದು ಪಟ್ಟಿಯನ್ನು ಅಗೆಯಲು ಬಿಡದೆ, ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸಿದ್ದರು. ಸರ್ವೆಯಲ್ಲಿ ಸಿಕ್ಕ ಹುಲ್ಲೆಲ್ಲ ಆ ಪಟ್ಟಿಯಲ್ಲಿತ್ತು. ತಗ್ಗು ಮುಚ್ಚಿದ ವರ್ಷ ಅಲ್ಲಿಯ ಬೀಜ ಬಿಡಿಸಿ, ಮುಂದಿನ ಮಳೆಗೆ ಬಿತ್ತುವುದು ಎಂದಾಗಿತ್ತು. ಕಾಯುವವಳು ಅಕ್ಕ.

ಆ ವರ್ಷ ಬಂತು. ದಸರೆಯ ಹೊತ್ತಿಗೆ ಪಟ್ಟಿಯಲ್ಲಿ ಹುಲ್ಲು ಸೊಂಟದೆತ್ತರ ನಿಂತು ಬೀಜ ಕಟ್ಟಿತ್ತು. ಗಾಳಿ ಬೀಸಿದರೆ ತಾಮ್ರದ ಕೊಡ ಹೊರಳಿದ ಹಾಗೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಆಳಂದದಲ್ಲಿದ್ದ ಅಕ್ಕನ ಮಗಳಿಗೆ ದಿನ ತುಂಬಿ, ಅಕ್ಕ ಬಾಣಂತನಕ್ಕೆ ಹೋಗಬೇಕಾಯಿತು. ಬಸ್ಸು ಹತ್ತುವಾಗ ನನಗೆ ಹೇಳಿದಳು: “ಲೇ ತಮ್ಮಾ, ಪಟ್ಟಿ ನಿನ್ನ ಕೈಯಾಗ ಬಿಟ್ಟು ಹೊಂಟೇನಿ. ನಿನ್ನ ಹೆಂಡ್ತಿ ಮೂಗುತಿ ಮಾಡಾಕ ಒಂದು ಕಡ್ಡಿ ಕೇಳಿದ್ರೂ ಕೊಡಬ್ಯಾಡ, ತಿಳೀತಿಲ್ಲೋ?”

ಅವಳು ಹೋದ ಮೂರನೆಯ ದಿನವೋ ನಾಲ್ಕನೆಯ ದಿನವೋ ನನ್ನ ಹೆಂಡತಿಯ ತಂದೆ, ಮಾವನವರು ಬಂದರು. ಅವರದು ಆಳಂದ ತಾಲೂಕಿನ ಖಜೂರಿ. ಅಲ್ಲಿಯ ಒಕ್ಕಲಿಗರೆಲ್ಲ ಕೂಡಿ ತೆಂಕಣದ ದನದ ಸಂತೆಗೆ ಹೋಗಿ, ಹೊಸ ಎತ್ತಿನ ಜೋಡಿಗಳನ್ನು ಹೊಡೆದುಕೊಂಡು ಊರಿಗೆ ಹೊರಟಿದ್ದರು. ಅಳಿಯನ ಊರು ಹಾದಿಯಲ್ಲೇ ಇದೆಯಲ್ಲ ಎಂದು ಇಳಿದುಕೊಂಡರು. ಬಿಳಿ ಖಿಲಾರಿ ಎತ್ತುಗಳು, ಮಿಂಚುವ ಮೈ, ಕೊರಳಲ್ಲಿ ಗಂಟೆ. ನಮ್ಮ ಕಡೆ ಬೀಗರು ಬಂದರೆ ಅವರ ಕೈಗೆ ನೀರು ಕೊಡುವ ಮೊದಲು ಅವರ ಎತ್ತಿಗೆ ಮೇವು ಬೀಳಬೇಕು. ನನ್ನ ಹಿತ್ತಲಲ್ಲಿ ಇದ್ದದ್ದು ಹೋದ ವರ್ಷದ ಕರಿಗಟ್ಟಿದ ಜೋಳದ ಕಣಿಕಿ ಮಾತ್ರ. ಮಾವನವರು ಅದನ್ನು ಕೈಯಲ್ಲಿ ಹಿಡಿದು ಮೂಸಿದರು. ಕೆಳಗೆ ಹಾಕಿ ಕೈ ಒರೆಸಿಕೊಂಡರು. ಅವರ ಜೊತೆಗಿದ್ದವನೊಬ್ಬ ಅಂದ: “ಅಳಿಯಂದ್ರು ಎತ್ತಿಗೆ ಉಪಾಸ ಮಾಡಸ್ತಾರೇನು?”

ಅಷ್ಟೇ ಸಾಕಾಯಿತು. “ನಮ್ಮ ಹುಲ್ಲು ಊರ ಹೊರಗ ಅದ ಬರ್ರಿ” ಎಂದೆ. ಹೋಗಿ, ಜಾಲಿಮುಳ್ಳನ್ನು ನನ್ನ ಕೈಯಾರೆ ಸರಿಸಿದೆ. ಎತ್ತುಗಳನ್ನೆಲ್ಲ ಒಳಗೆ ಬಿಟ್ಟೆ. ಮಾವನವರು ಸೊಂಟದೆತ್ತರದ ಹುಲ್ಲು ನೋಡಿ ನನ್ನ ಹೆಗಲ ಮೇಲೆ ಕೈಯಿಟ್ಟು, “ಶಾಭಾಸ್” ಎಂದರು. ಒಂದು ಕಡೆ ಸ್ವಲ್ಪ ಮೇಯಲಿ, ಆಮೇಲೆ ಹೊಡೆದರಾಯಿತು ಎಂದುಕೊಂಡಿದ್ದೆ. ಆದರೆ ಬೀಗರ ಎತ್ತಿಗೆ ಸಾಕು ಎನ್ನುವ ಬಾಯಿ ನನಗೆಲ್ಲಿಂದ ಬರಬೇಕು? ಹೊತ್ತು ಮುಳುಗುವವರೆಗೆ ಮೇದವು. ಮೇಯದೆ ಉಳಿದದ್ದು ಗೊರಸಿನ ಕೆಳಗೆ ಹೋಯಿತು. ಊರೆಲ್ಲ ಜೋಳ ಬಿತ್ತಲು ಹೊಲಕ್ಕೆ ಹೋಗಿತ್ತು, ನೋಡಿದವರಿರಲಿಲ್ಲ.

ಅಕ್ಕ ಬಂದವಳು ಮನೆಗೂ ಹೋಗದೆ, ಕೈಯಲ್ಲಿನ ಚೀಲದೊಂದಿಗೇ ಪಟ್ಟಿಗೆ ಬಂದಳು. ನಾನು ಹಿಂದೆ ಹೋದೆ.

“ಯಾರು ಬಿಟ್ರಲೇ ತಮ್ಮಾ?”

“ಗೊತ್ತಿಲ್ಲಕ್ಕಾ. ನಾ ಹೊಲಕ್ಕ ಹೋಗಿದ್ದೆ. ತಿರುಗಾಡೋ ಕುರಿಯವರು ಬಂದಿದ್ರು. ಕುರಿ ಹೊಕ್ಕಿರಬೇಕು.”

ಅಕ್ಕ ನೆಲ ನೋಡುತ್ತ ಆ ತುದಿಯವರೆಗೆ ನಡೆದಳು. ಒಣಗಿದ ಒಂದು ಸಗಣಿಯ ಕುಳ್ಳನ್ನು ಕಾಲಿನ ಹೆಬ್ಬೆರಳಿನಿಂದ ಹೊರಳಿಸಿದಳು. ಕುರಿಯ ಹಿಕ್ಕಿ ಒಂದೂ ಇರಲಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ. ಚೀಲ ಹೆಗಲಿಗೇರಿಸಿ, “ನಡಿ, ಮೊಮ್ಮಗ ಆಗ್ಯಾನ, ಬೆಲ್ಲ ತಂದೇನಿ” ಎಂದಳು.

ಮರುದಿನ ಮೆನೇಜರರ ಮುಂದೆ, ಬೀಜ ಬಿಡಿಸಲೆಂದು ಬಂದಿದ್ದ ಹುಲ್ಲಿನ ಸಾಹೇಬರ ಮುಂದೆ ಅವಳು ಹೇಳಿದ್ದು ಇಷ್ಟೇ: “ಕಾಯೋಕಿ ನಾ. ನಾನೇ ಊರಾಗ ಇರಲಿಲ್ಲ. ತಪ್ಪು ನಂದು.” ಮೆನೇಜರರು ನೀಲಗಿರಿ ಸಸಿಗೆ ಹೇಳಿಕಳಿಸುವ ಮಾತಾಡಿದರು. ಸಾಹೇಬರು ಒಂದು ಕಲ್ಲಿನ ಮೇಲೆ ಕುಳಿತು ಬಿಸಿಲು ಏರುವವರೆಗೂ ಏಳಲಿಲ್ಲ. ಬಾವಿಯ ಹತ್ತಿರ ಹೆಂಗಸರು, “ಬೇಲಿಯೊಳಗಿನ ಹುಲ್ಲು ಕಾಯಾಕ ಆಗಲಿಲ್ಲ, ಊರಿಗೆಲ್ಲ ಹುಲ್ಲು ತರ್ತಾಳಂತ ಬೇ” ಎಂದು ಅವಳಿಗೆ ಕೇಳುವಂತೆಯೇ ಅಂದರು. ಊರವರು ನನ್ನ ಮಾತು ನಂಬಿ, ಸಿಟ್ಟಿನಿಂದ ಕುರಿಯವರನ್ನು ಮುಂದೆ ಎಷ್ಟೋ ವರ್ಷ ಸೀಮೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಹೆಂಡತಿ ಮಕ್ಕಳು, ಕತ್ತೆಯ ಮೇಲಿನ ಗಂಟುಮೂಟೆ... ಅವರು ಊರ ಹೊರಗಿನಿಂದಲೇ ಸುತ್ತುಬಳಸಿ ಹೋಗುವುದನ್ನು ನಾನು ನೋಡುತ್ತಿದ್ದೆ. ಬಾಯಿ ಬಿಡಲಿಲ್ಲ.

ಅಕ್ಕನ ಎದುರು ಮನೆಯಲ್ಲಿ ಒಬ್ಬ ಮುದುಕಿ ಒಂಟಿಯಾಗಿದ್ದಳು. ಮೊಣಕಾಲು ಹೋಗಿದ್ದವು, ನಾಲಿಗೆ ಗಟ್ಟಿಯಾಗಿತ್ತು. ಅಕ್ಕ ಊರಿಗೆ ಬಂದ ವಾರದಲ್ಲೇ ಒಂದು ದಿನ, ಮಾಳಿಗೆಯ ಮೇಲೆ ಒಣಗಲು ಹಾಕಿಸಿದ್ದ ಮೆಣಸಿನಕಾಯಿ ತಂದುಕೊಡು ಎಂದು ಅಕ್ಕನನ್ನು ಕರೆದಳು. ಅಕ್ಕ ನಿಚ್ಚಣಿಕೆ ಹತ್ತಿ ಹೋದಳು. ಇಳಿದು ಬಂದಾಗ ಅವಳ ಸೀರೆಯ ಅಂಚಿನ ತುಂಬ ಸೂಜಿಹುಲ್ಲಿನ ಬೀಜ ಚುಚ್ಚಿಕೊಂಡಿತ್ತು. ಕಟ್ಟೆಯ ಮೇಲೆ ಕುಳಿತು ಬೈಯುತ್ತ ಒಂದೊಂದೇ ಕೀಳತೊಡಗಿದಳು. ಕೀಳುತ್ತ ಕೀಳುತ್ತ ಕೈ ನಿಂತಿತು. ಮೆಣಸಿನಕಾಯಿ ಮೊರ ಅಲ್ಲೇ ಬಿಟ್ಟು ಮತ್ತೆ ನಿಚ್ಚಣಿಕೆ ಹತ್ತಿದಳು. ಮೇಲಿನಿಂದ ಅವಳು ಕೂಗಿದ್ದು ಇಡೀ ಓಣಿಗೆ ಕೇಳಿತು.

“ಲೇ ತಮ್ಮಾ! ಗಾಯರಾಣ ಇಲ್ಲೇ ಅದಲೇ! ಮಾಳಗಿ ಮ್ಯಾಲೆ ಅದ!”

ನಮ್ಮ ಕಡೆಯ ಮನೆಗಳೆಲ್ಲ ಆಗ ಸಪಾಟಾದ ಮಣ್ಣಿನ ಮಾಳಿಗೆಯವು. ಮಳೆಗಾಲಕ್ಕೆ ಮೊದಲು ಪ್ರತಿಯೊಂದು ಮನೆಯವರೂ ಗಾಯರಾಣದ ಮಣ್ಣು ತಂದು ಮೇಲೆ ಹಾಕಿ ಬಡಿಯುತ್ತಿದ್ದೆವು. ಅಗೆಯುವ ಮೊದಲಿನ ಕಾಲದಿಂದ, ಅಜ್ಜ ಮುತ್ತಜ್ಜರ ಕಾಲದಿಂದ ಆ ಮಣ್ಣು ಪದರ ಪದರವಾಗಿ ನಮ್ಮ ತಲೆಯ ಮೇಲಿತ್ತು. ಮಳೆಗೆ ಅದರಲ್ಲಿ ಹುಲ್ಲೇಳುತ್ತಿತ್ತು. ದೀಪಾವಳಿಗೆ ಮೊದಲು ಹೆಂಗಸರು ಮೇಲೇರಿ ಹುಲ್ಲು ಕಿತ್ತು ತಿಪ್ಪೆಗೆ ಎಸೆಯುತ್ತಿದ್ದರು. ಮುದುಕಿಗೆ ಹತ್ತಲಾಗದೆ ಅವಳ ಮಾಳಿಗೆ ಕೀಳದೆಯೇ ಉಳಿದಿತ್ತು. ದೀಪಾವಳಿ ಇನ್ನೂ ಬಂದಿರಲಿಲ್ಲ, ಉಳಿದ ಮಾಳಿಗೆಗಳ ಹುಲ್ಲೂ ಹಾಗೆಯೇ ಇತ್ತು.

ಅಕ್ಕ ಮನೆಮನೆಗೆ ಓಡಿದಳು. ಯಾರೂ ಕಿತ್ತೆಸೆಯಬೇಡಿ ಎಂದು ಕೈಮುಗಿದಳು. ಬಾವಿಯ ಹತ್ತಿರ ಅಂದವರ ಮನೆಗೇ ಮೊದಲು ಹೋದಳು. ಹುಲ್ಲಿನ ಸಾಹೇಬರು ಸುದ್ದಿ ಕೇಳಿ ಚೌಕಟ್ಟು ಹಿಡಿದುಕೊಂಡೇ ಬಂದರು. ಮಾಳಿಗೆ ಹತ್ತಿ, ಮೊದಲಿನ ಸರ್ವೆಯಂತೆಯೇ ಕಣ್ಣು ಮುಚ್ಚಿ ಹೆಗಲ ಮೇಲಿಂದ ಎಸೆದರು. ಅದು ಹೋಗಿ ಓರೆಯಾಗಿ ಬೆಳಕಿಂಡಿಯೊಳಗೆ ಬಿತ್ತು. ಕೆಳಗೆ ಏನೋ ಒಡೆದ ಸದ್ದು.

“ಯಾವನಲೇ ಅಂವ, ನನ್ನ ಬ್ಯಾಳಿ ಗಡಗಿ ಒಡದಾಂವ!” ಮುದುಕಿಯ ದನಿ.

“ಸಾಹೇಬ್ರ, ಇದನ್ನೂ ಬರಕೋರಿ” ಎಂದಳು ಅಕ್ಕ. “ಇಲ್ಲಿ ಹುಲ್ಲಿಲ್ಲ, ಬ್ಯಾಳಿ ಅದ.”

ಸಾಹೇಬರು ಮಾಳಿಗೆಯ ಮೇಲೆಯೇ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಟ್ಟಿ ಹಾಳಾದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಂಜೆಯೊಳಗೆ ಹತ್ತಾರು ಮಾಳಿಗೆ ನೋಡಿದರು. ಸರ್ವೆಯಲ್ಲಿ ಬರೆದ ಹುಲ್ಲೆಲ್ಲ, ಒಂದು ಈ ಮನೆಯ ಮೇಲೆ, ಒಂದು ಆ ಮನೆಯ ಮೇಲೆ, ಸಿಕ್ಕಿತು.

ಆಮೇಲಿನ ದಿನಗಳು ಹಬ್ಬದಂತಿದ್ದವು. ಊರಿನ ಸೊಸೆಯಂದಿರೆಲ್ಲ ಮಾಳಿಗೆ ಏರಿ ಉಡಿಯೊಳಗೆ ಬೀಜ ಉದುರಿಸಿಕೊಂಡರು. ಚುಚ್ಚಿದಾಗಲೆಲ್ಲ ಅಕ್ಕನಿಗೆ ಬೈಗುಳ, ಬೈಗುಳಕ್ಕೆ ಅಕ್ಕನ ಜವಾಬು, ಈ ಮಾಳಿಗೆಯಿಂದ ಆ ಮಾಳಿಗೆಗೆ ನಗು. ಬೀಜವನ್ನು ಬೂದಿಯಲ್ಲಿ ಹೊರಳಿಸಿ ಗಡಿಗೆಗಳಲ್ಲಿ ತುಂಬಿಟ್ಟರು. ಮುಂದಿನ ರೋಹಿಣಿ ಮಳೆಗೆ ಮುಚ್ಚಿದ ಗಣಿಯ ಮೇಲೆ, ಮಣ್ಣು ಗೊಬ್ಬರದ ಜೊತೆ ಕಲೆಸಿ ಚೆಲ್ಲಿದೆವು. ನಾನು ಎಲ್ಲರಿಗಿಂತ ಹೆಚ್ಚು ಬುಟ್ಟಿ ಹೊತ್ತೆ. ಜನ ನನ್ನನ್ನು ಹೊಗಳಿದರು. ಅಕ್ಕ ಮಾತ್ರ, “ಹೊರಲಿ ಬಿಡ್ರಿ, ಅವನ ಹೆಗಲು ಗಟ್ಟಿ ಅದ” ಎಂದಳು.

ಮೊದಲ ವರ್ಷ ತೇಪೆ ತೇಪೆಯಾಗಿ ಬಂತು. ಎರಡನೆಯ ವರ್ಷ ತೇಪೆಗಳು ಕೂಡಿಕೊಂಡವು. ಮೂರನೆಯ ಮಳೆಗಾಲ ಮುಗಿದಾಗ ತಪಾಸಣೆಯವರು ಬಂದರು. ಸಾಹೇಬರು ಚೌಕಟ್ಟನ್ನು ಅಕ್ಕನ ಕೈಗೆ ಕೊಟ್ಟರು. ಅವಳು ಯಾರೂ ಹೇಳದೆ ಸೆರಗಿನಿಂದ ಕಣ್ಣು ಕಟ್ಟಿಕೊಂಡು ಎಸೆದಳು. ಮತ್ತೆ ಎಸೆದಳು. ಕರಡ. ಕರಿಕಿ. ಸೂಜಿಹುಲ್ಲು. ಒಮ್ಮೆ ಬೋಳು ನೆಲ. ಅದನ್ನೂ ಬರೆದುಕೊಂಡರು. ಕೊನೆಗೆ ತಪಾಸಣೆಯ ದೊಡ್ಡ ಸಾಹೇಬರು, “ನೀಲಗಿರಿ ಬೇಕಾಗಿಲ್ಲ. ಜಮೀನು ಊರಿಗೆ ಬಿಟ್ಟುಕೊಡಿ” ಎಂದರು. ಹಲಿಗೆ ಯಾರು ತಂದಿದ್ದರೋ ಗೊತ್ತಿಲ್ಲ, ಅಲ್ಲೇ ಬಡಿಯತೊಡಗಿದರು. ಮೆನೇಜರರು ತಾವೂ ಚಪ್ಪಾಳೆ ತಟ್ಟಿ, ಬಗ್ಗಿ ತಮ್ಮ ಪ್ಯಾಂಟಿನಿಂದ ಬೀಜ ಕೀಳತೊಡಗಿದರು. ಮೊಣಕಾಲಿನವರೆಗೆ ಹತ್ತಿದ್ದವು.

“ಇರಲಿ ಬಿಡ್ರಿ ಸಾಹೇಬ್ರ” ಎಂದಳು ಅಕ್ಕ. “ನಮ್ಮ ಖರಾಬ್ ನಿಮ್ಮ ಜೋಡಿ ಹೊಂಟದ, ಮನೀ ತನಕ ಕರಕೊಂಡು ಹೋಗ್ರಿ.”

ಬೀಜ ಉದುರಿದ ಮೇಲೆ, ಎಳ್ಳ ಅಮಾವಾಸ್ಯೆಯ ದಿನ ಗಾಯರಾಣವನ್ನು ಮೇಯಲು ಬಿಡುವುದು ಎಂದಾಯಿತು. ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು ಇಡೀ ಊರು ಅಲ್ಲಿ ಕೂಡಿತು. ಹಬ್ಬಕ್ಕೆಂದು ನನ್ನ ಮಾವನವರೂ ಖಜೂರಿಯಿಂದ ಅದೇ ಖಿಲಾರಿ ಜೋಡಿಯ ಬಂಡಿ ಕಟ್ಟಿಕೊಂಡು ಬಂದಿದ್ದರು. ಯಾರ ದನ ಮೊದಲು ಒಳಗೆ ಹೋಗಬೇಕು ಎಂದು ಹಿರಿಯರಲ್ಲಿ ಮಾತು ಬಂತು. ಗೌಡರದು ಎಂದರು ಕೆಲವರು. ಅಕ್ಕನ ಎಮ್ಮೆ ಎಂದರು ಉಳಿದವರು. ಅಕ್ಕ ಕೈಯೆತ್ತಿದಳು.

“ಬ್ಯಾಡ್ರಿ. ನನ್ನ ತಮ್ಮನ ಬೀಗರ ಎತ್ತು ಮೊದಲ ಹೋಗಲಿ. ಅವಕ್ಕ ಹಾದಿ ಗೊತ್ತದ.”

ಊರೆಲ್ಲ ಬೀಗರಿಗೆ ಮರ್ಯಾದೆ ಎಂದು ತಿಳಿದು ಹೋ ಎಂದಿತು. ಮಾವನವರು ಹಿಗ್ಗಿ ಪಟಕಾ ಸರಿಮಾಡಿಕೊಂಡರು. ಎತ್ತುಗಳು ಗಂಟೆ ಅಲ್ಲಾಡಿಸುತ್ತ ನನ್ನನ್ನು ದಾಟಿ ಹುಲ್ಲಿನೊಳಗೆ ಇಳಿದವು. ಅಕ್ಕ ನನ್ನ ಕಡೆ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಚೌಕಟ್ಟು ನನ್ನ ಬೆನ್ನಿನ ಮೇಲೆ ಬಿದ್ದಾಗ ನಕ್ಕಿದ್ದಳಲ್ಲ, ಅದೇ ನಗು...

ಅವತ್ತು ಸಂಜೆ ಅವಳ ಮನೆಗೆ ಹೋಗಿ, “ಅಕ್ಕಾ, ಆವತ್ತ ಪಟ್ಟಿಯಾಗ...” ಎಂದು ಶುರುಮಾಡಿದೆ. “ಉಣ್ಣಲೇ ಮೊದಲ, ಭಜ್ಜಿ ಆರತದ” ಎಂದು ತಾಟು ಮುಂದೆ ಸರಿಸಿದಳು. ಉಂಡೆ. ಮಾತು ಅಲ್ಲೇ ನಿಂತಿತು. ಅವಳಾಗಿ ಮುಂದೆಂದೂ ಎತ್ತಲಿಲ್ಲ, ನಾನಾಗಿ ಮುಂದುವರಿಸಲಿಲ್ಲ. ಕುರಿಯವರನ್ನಾದರೂ ಒಳಗೆ ಕರೆಯಿರಿ ಎಂದು ಊರಿಗೆ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಕೊನೆಗೆ ಅವರನ್ನು ಕರೆಸಿದವಳೂ ಅಕ್ಕನೇ, ಗೊಬ್ಬರಕ್ಕೆಂದು ತನ್ನ ಹೊಲದಲ್ಲಿ ಕುರಿ ನಿಲ್ಲಿಸಿ.

ಅಕ್ಕ ಹೋಗಿ ಬಹಳ ವರ್ಷವಾಯಿತು. ಮಣ್ಣಿನ ಮಾಳಿಗೆಗಳೂ ಹೋದವು. ಈಗ ಎಲ್ಲರ ತಲೆಯ ಮೇಲೆ ಸಿಮೆಂಟು, ಅದರ ಮೇಲೆ ಏನೂ ಹುಟ್ಟುವುದಿಲ್ಲ. ಗಾಯರಾಣ ಮಾತ್ರ ಇದೆ. ಮೊಮ್ಮಗಳು ಸಾಲೆಗೆ ಹೋಗುವ ಕಾಲುಹಾದಿ ಅದರ ನಡುವೆಯೇ ಹಾದುಹೋಗುತ್ತದೆ.

ಅಂಗೈಯ ಬೀಜ ತಿರುಗುವುದನ್ನು ನಿಲ್ಲಿಸಿತ್ತು. “ಜೀವ ಅದ ಏನ್?” ಎಂದು ಹುಡುಗಿ ಮತ್ತೆ ಕೇಳಿದಳು. ಇದೇ ಮಾತನ್ನು ನಾನೂ ಒಮ್ಮೆ ಕೇಳಿದ್ದೆ. ಅಕ್ಕ ಹೇಳಿದ್ದನ್ನೇ ಹೇಳಿದೆ: “ಜೀವ ಅಲ್ಲವ್ವಾ, ಹಟ. ಮಣ್ಣಿನಾಗ ಹೋಗೋ ತನಕ ಬಿಡಂಗಿಲ್ಲ.” ಆಮೇಲೆ ಅಕ್ಕನ ಕಥೆ ಹೇಳತೊಡಗಿದೆ. ಹುಡುಗಿಗೆ ಅದು ಬಾಯಿಪಾಠ. ಅರ್ಧಕ್ಕೇ, “ಗೊತ್ತದ ಮುತ್ಯಾ, ಆಮ್ಯಾಲ ಕುರಿ ಬಂದು ಎಲ್ಲಾ ತಿಂದ್ವು” ಎಂದಳು.

“ಕುರಿ ಅಲ್ಲವ್ವಾ” ಎಂದೆ. “ಎತ್ತು. ಬೇಲಿ ತೆಗದಾಂವ ನಾ.”

ಹುಡುಗಿ ನನ್ನ ಮುಖ ನೋಡಿದಳು. “ನಿನ್ನ ಅಕ್ಕಗ ಗೊತ್ತಿತ್ತೇನು?” ಎಂದಳು.

“ಗೊತ್ತಿತ್ತು.”

ಇಬ್ಬರೂ ಗಾಯರಾಣದವರೆಗೆ ನಡೆದು ಹೋದೆವು. ಹುಲ್ಲು ಅವಳ ಸೊಂಟಕ್ಕೆ ಬರುತ್ತಿತ್ತು. ಬೀಜವನ್ನು ಒಂದು ಬೋಳು ಜಾಗ ನೋಡಿ ಇಟ್ಟೆ.